ಅರಿಸಮಾಸ

...ಅಲ್ಲಲ್ಲ, ಆ ಕಡೆಯಿಂದ ಬಾ ಪುಟ್ಟೀ! ಅಲ್ಲಿ ಹಲಗೆ ಸಡಿಲ, ಕಾಲು ಸಿಕ್ಕಿಹಾಕಿಕೊಂಡೀತು. ಹಾಂ, ಹೀಗೆ. ಕೂತುಕೋ. ಅದರಲ್ಲಿ ಬೇಡ, ಅದು ನಿಮ್ಮಕ್ಕನಿಗೆ. ನೀನು ಈ ಕುರ್ಚಿಯಲ್ಲಿ ಕೂರು. ಹಿಂದಕ್ಕೆ ಒರಗು, ಹೆದರಬೇಡ. ಕಾಲು ಕಡ್ಡಿಯ ಹಾಗೆ ಕಂಡರೂ ತೇಗ ಅದು, ತೇಗ! ...ಏನು? ತಾಳು ತಾಳು, ಆಮೇಲೆ ಹೇಳುವೆಯಂತೆ. ಬಂದವಳು ಮೊದಲು ಮನೆ ನೋಡಬೇಡವೇ?

ಯಾಕೆ ನಗುತ್ತೀ? ಭಾವನಿಗೆ ತಲೆ ಕೆಟ್ಟಿದೆ ಅಂತ ತಾನೇ? ನಗು, ನಗು. ದಿಮ್ಮಿ ಪೇರಿಸಿ ಕಟ್ಟಿದ ಕಾಡುಮನೆ, ತೊಗಟೆ ಕೂಡ ಪೂರ್ತಿ ಸುಲಿದಿಲ್ಲ. ಅದರೊಳಗೆ ನಮ್ಮ ಎಳೆತನದ ಕಾಲದ ಪೇಟೆ ಷೋಕಿಯ ಮೇಜು, ಕುರ್ಚಿ! ಬರಿಗಾಲಲ್ಲಿ ನಿಂತವನ ಕೊರಳಿಗೆ ಟೈ ಬಿಗಿದ ಹಾಗೆ. ಜೀವಮಾನವಿಡೀ ವ್ಯಾಕರಣ ಪಾಠ ಹೇಳಿದವನಿಗೆ ಇಷ್ಟು ಗೊತ್ತಾಗದೇ? ಸಂಸ್ಕೃತ ಕುಲದ ಪದಕ್ಕೆ ಕನ್ನಡ ಕುಲದ ಪದ ಗಂಟು ಹಾಕಿದರೆ ಅದು ಅರಿಸಮಾಸ. ಎಷ್ಟು ಮಕ್ಕಳ ಉತ್ತರದ ಮೇಲೆ ಕೆಂಪು ಶಾಯಿ ಎಳೆದಿದ್ದೇನೋ! ಆದರೆ ಕಿವಿಗೆ ಹಿತವಾದರೆ ಹಿರಿಯರೂ ಕೆಲವನ್ನು ಒಪ್ಪಿದ್ದಾರೆ, ತಾಯೀ. ಕೆಲವನ್ನು... ನಾನೂ ನಿಮ್ಮಕ್ಕನೂ ಮತ್ತೇನು? ಗಂಡ ಹೆಂಡತಿ ಅನ್ನಿಸಿಕೊಂಡು ಇಷ್ಟು ಕಾಲ ನಡೆಸಲಿಲ್ಲವೇ?

ಈ ಟೀಪಾಯಿ ನೋಡು. ಗೋಡಂಬಿಯ ಆಕಾರ, ಮೂರೇ ಕಾಲು. ನಾಲ್ಕು ಕಾಲಿನದು ಈ ಉಬ್ಬುತಗ್ಗಿನ ನೆಲದ ಮೇಲೆ ಕುಣಿಯುತ್ತಿತ್ತು, ಹಿಂದಕ್ಕೆ ಕಳಿಸಿದೆ. ಆ ಉದ್ದನೆಯ ತಗ್ಗು ಬೀರುವಿನ ಕೆಳಗೆ ಮಾತ್ರ ರಟ್ಟು ಮಡಚಿ ತುರುಕಿದ್ದೇನೆ. ಬಗ್ಗಿ ನೋಡಬೇಡ, ಮಾನ ಹೋಗುತ್ತದೆ! ಅದರ ಬಾಗಿಲು ಸರಿಸು... ಸರಿಸು. ಕೇಳಿಸಿತೇ? ಸದ್ದೇ ಇಲ್ಲ. ನಿಮ್ಮಕ್ಕನಿಗೆ ಸದ್ದಾಗಬಾರದಲ್ಲ. ನಾನು ಸೀನಿದರೂ ‘ಅದೇನು ಗೋಡೆ ಬಿತ್ತೇ’ ಅನ್ನುವವಳು.

ಇನ್ನೂ ಗುರುತು ಸಿಕ್ಕಲಿಲ್ಲವೇ? ಅಯ್ಯೋ ಮಂಕೇ, ನಿಮ್ಮ ತಂದೆಯ ಹಜಾರ ಕಣೇ ಇದು! ಕಿಟಕಿಗೆ ಬೆನ್ನು ಮಾಡಿ ಸಾಸಿವೆ ಬಣ್ಣದ ಕುರ್ಚಿಗಳು, ಗೋಡೆಯ ಮೇಲೆ ಸುತ್ತಲೂ ಕಿರಣ ಚೆಲ್ಲಿದ ಗಡಿಯಾರ. ಈ ದುಂಡು ದಿಮ್ಮಿಗೆ ಅದು ಒರಗುವುದಿಲ್ಲ, ಸೊಟ್ಟಗೆ ತೂಗುತ್ತದೆ, ಇರಲಿ. ಆ ಕುರ್ಚಿಯ ತೋಳಿನ ಮೇಲೆ ನೀನು ಕುದುರೆ ಸವಾರಿ ಮಾಡುತ್ತಿದ್ದೆ. ನಿಮ್ಮಕ್ಕ ಪುಸ್ತಕ ಹಿಡಿದು ಕೂತಿದ್ದಳು. ಹೆಣ್ಣು ನೋಡಲು ನಾನು ಒಳಗೆ ಬಂದರೂ ತಲೆ ಎತ್ತಲಿಲ್ಲ. ಪುಟ ಮುಗಿಸಿದ ಮೇಲೆ ಎತ್ತಿದಳು. ಆ ಒಂದು ಪುಟದ ಹೊತ್ತು... ಬಿಡು.

ಅವಳೇ ಕೇಳಿದ್ದು. ಹೌದು, ಅವಳೇ! ‘ಅಪ್ಪನ ಮನೆಯಲ್ಲಿದ್ದಂಥ ಕುರ್ಚಿ ಹಾಕಿಸಿ, ಬರುತ್ತೇನೆ’ ಅಂದಳು. ನಿನ್ನ ಮನೆಯಲ್ಲಿ ತಾನೇ ಎಷ್ಟು ದಿನ ಇರುತ್ತಾಳೆ? ತಂಗಿಯೇ ಆದರೂ ಸಂಕೋಚ ಇರುವುದಿಲ್ಲವೇ? ...ಯಾಕೆ ಹಾಗೆ ನೋಡುತ್ತೀ? ಅಂದಳು ಅಂದರೆ ಅಂದಳು!

ಇರು, ಪರದೆ ನೋಡಲಿಲ್ಲ ನೀನು. ಎಲೆಯೋ ಮೀನೋ ತಿಳಿಯದಂಥ ಚಿತ್ತಾರ. ಆಗ ಅದೇ ನಾಗರಿಕತೆ. ಆಮೇಲೆ ಈ ದೀಪ, ಕತ್ತು ಬಗ್ಗಿಸಿದರೆ ಸರಿಯಾಗಿ ಪುಸ್ತಕದ ಮೇಲೆ ಬೆಳಕು. ಆಮೇಲೆ... ಆಮೇಲೆ... ಇಷ್ಟೇ. ಒಂದೇ ಕೋಣೆ ತಾನೇ. ತೋರಿಸುವುದಕ್ಕೆ ಇನ್ನೇನೂ ಇಲ್ಲ.

ಈಗ ಹೇಳು. ಬಂದಾಗಿನಿಂದ ಏನೋ ಹೇಳಬೇಕೆಂದು ಬಾಯಿ ತೆರೆಯುತ್ತಿದ್ದೆಯಲ್ಲ.

...

ಓಹೋ. ನೀನೂ ಇದ್ದೆಯಾ? ಅವಳು ನನ್ನ ಜೊತೆ ಫೋನಿನಲ್ಲಿ ಮಾತಾಡುವಾಗ ಪಕ್ಕದಲ್ಲೇ ಕೂತಿದ್ದೆಯಾ? ಹಾಗಾದರೆ ಇಷ್ಟು ಹೊತ್ತೂ ನಾನು ಬಡಾಯಿ ಕೊಚ್ಚಿದ್ದನ್ನೆಲ್ಲ... ‘ಸುಳ್ಳು, ಭಾವ’ ಅಂತ ಒಂದು ಮಾತು ಅನ್ನಬಾರದಿತ್ತೇ, ಪುಣ್ಯಾತ್ಗಿತ್ತಿ!

ಕೇಳಲಿಲ್ಲ. ಅವಳು ಏನನ್ನೂ ಕೇಳಲಿಲ್ಲ. ನಾನೇ ಅಂಗಲಾಚಿದೆ: ಮನೆ ಒರಟು ಅಂತ ತಾನೇ ಬರುವುದಿಲ್ಲ ನೀನು, ನಿನ್ನ ತಂದೆಯ ಹಜಾರವನ್ನೇ ಇಲ್ಲಿಗೆ ತರುತ್ತೇನೆ ಅಂತ. ಆಗ ಅವಳು... ಕೋಪವಿರಲಿಲ್ಲ ದನಿಯಲ್ಲಿ. ಕೋಪವಾದರೂ ಇದ್ದಿದ್ದರೆ! ‘ಕಾಡಿನ ಮನೆ ಅಂತ ಅಲ್ಲ. ನೀವಿರುವ ಮನೆ ಅಂತ’ ಅಂದಳು.

ಅದಕ್ಕೆ ಯಾವ ಬಡಗಿಯನ್ನು ಕರೆಸಲಿ, ಹೇಳು?

ಇದೆಲ್ಲ ತಂದದ್ದು ಅದಾದ ಮೇಲೆಯೇ. ಮೂರ್ಖ ಅನ್ನು, ಅನ್ನು. ನನ್ನ ಮಟ್ಟಿಗೆ ಕೂರಲು ಒಂದು ಕುರ್ಚಿ ಸಾಕು ಅಂದುಕೊಂಡೇ ಹೋದೆ. ಅದನ್ನು ಗಾಡಿಗೆ ಹಾಕಿಸುತ್ತಿದ್ದೆ. ಅಂಗಡಿಯವನು ಹಿಂದಿನಿಂದ ಓಡಿಬಂದ: ‘ಇದರ ಜೋಡಿ ಒಳಗಿದೆ ಸಾರ್. ತಮಗೆ ಒಂದೇ ಸಾಕಾ?’

ಸಾಕು ಅನ್ನಲು ಬಾಯಿ ಬರಲಿಲ್ಲ, ಪುಟ್ಟೀ.