ನಿಂಬೆವ್ವನ ತವರಿಗೆ ದುಂಡವ್ವ ಹೋದದ್ದು

ಹೂಂ ಅನ್ನೋರು ಮುಂದ ಬರ್ರಿ. ಆಕಳಿಸೋರು ಗ್ವಾಡಿ ಕಡೆ ಸರೀರಿ. ನನ್ನ ಕಥಿ ಮೊಂಡ ಎತ್ತು ಇದ್ದಂಗ. ಹೂಂ ಅಂದ್ರ ನಡೀತೈತಿ, ಸುಮ್ಮನ ಕುಂತ್ರ ನಿಂತ ಬಿಡತೈತಿ. ಅನ್ರಿ ನೋಡೂಣು, ಹೂಂ!

ಒಂದ ಊರಿತ್ತು. ಯಾವ ಊರು ಅಂತ ಕೇಳಬ್ಯಾಡ್ರಿ. ಹೆಸರು ಹೇಳಿದ್ರ ನಾಳೆ ಆ ಊರಿನ ಹೆಣ್ಮಕ್ಕಳು ನನ್ನ ಬಾಗಲಕ್ಕ ಬಂದು ಜಗಳಕ್ಕ ನಿಲ್ತಾರ. ಊರ ಮುಂದ ಕರೇ ಮಣ್ಣಿನ ಎರಿ ಹೊಲ. ಹೊಲದ ಆಚೆ ಹಳ್ಳ. ಹಳ್ಳದ ಆಚೆ ಅಡವಿ. ಆ ಊರಾಗ ದುಂಡವ್ವ ಅಂತ ಒಬ್ಬಾಕಿ ಇದ್ದಳು. ಹೆಸರಿಗೆ ದುಂಡವ್ವ, ಮೈ ನೋಡಿದ್ರ ಒಣಾ ಕಟಗಿ, ನಾಲಗಿ ಮಾತ್ರ ಹೊಸಾ ಕುಡಗೋಲು. ಗಂಡ ಇರಲಿಲ್ಲ. ಒಬ್ಬನ ಮಗ, ಕರೆಪ್ಪ. ಅಂವ ಬಲು ಸಾಧು. ಅವ್ವ ಕೂಡು ಅಂದ್ರ ಕೂಡ್ತಿದ್ದ, ಏಳು ಅಂದ್ರ ಏಳ್ತಿದ್ದ.

ಮಗನಿಗೆ ಹೆಣ್ಣು ಬೇಕಲ್ಲ? ಸಂಬಂಧ ಕುದುರಿಸೋ ಮುದುಕ ಒಬ್ಬಾಂವ ಬಂದ. ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತ ಹಿರೇರು ಹೇಳ್ಯಾರ. ಈ ಮುದುಕ ಹಿರೇರ ಮಾತು ಮೀರೋ ಪೈಕಿ ಅಲ್ಲ.

"ಯವ್ವಾ ದುಂಡವ್ವಾ, ಹುಡುಗಿ ಹೆಸರು ನಿಂಬೆವ್ವ. ಆಕಿ ತವರು ಅಡವಿ ಆಚೆ. ಅಬಾಬಾ, ಎಂಥಾ ಮನಿ! ಬಾಗಲಾ ಅನ್ನೋದು ಮುಚ್ಚಿದ್ದ ಕಂಡಿಲ್ಲ. ಬಂದವರಿಗೆ ಇಲ್ಲ ಅಂದದ್ದು ಕೇಳಿಲ್ಲ. ಆಳು ಕಾಳು ಲೆಕ್ಕಕ್ಕ ಸಿಗಂಗಿಲ್ಲ," ಅಂದ.

ಖರೇ ಏನಿತ್ತು? ಹೇಳ್ತೀನಿ, ಕಿವಿ ಇತ್ತ ಕೊಡ್ರಿ. ನಿಂಬೆವ್ವಗ ಅಪ್ಪ ಇಲ್ಲ, ಅವ್ವ ಇಲ್ಲ, ಒಡಹುಟ್ಟಿದ ಅಣ್ಣತಮ್ಮರಿಲ್ಲ. ಅಡವಿ ದಂಡಿಗೆ ಒಂದು ಗುಡಸಲಾ, ಒಬ್ಬಾಕಿ ಅಜ್ಜಿ, ನಾಕ ಆಡು. ಆಡು ಕಾಯಕೋತ ಅಡವ್ಯಾಗ ಬೆಳದ ಹುಡುಗಿ ಅದು. ಮದುವಿಗೆ ಅಜ್ಜಿ ಒಬ್ಬಾಕಿನ ಬಂದ್ಲು. "ಉಳದ ಬೀಗರೆಲ್ಲಿ?" ಅಂತ ದುಂಡವ್ವ ಕೇಳಿದ್ರ ಮುದುಕ, "ಹಳ್ಳ ಬಂದೈತೆವ್ವಾ, ದಾಟಾಕ ಆಗಲಿಲ್ಲ," ಅಂದ. ಬ್ಯಾಸಗಿ ಮದುವಿ! ಹಳ್ಳದಾಗ ಕಪ್ಪಿಗೆ ಕುಡಿಯಾಕ ನೀರಿಲ್ಲ! ಆದ್ರೂ ದುಂಡವ್ವ ನಂಬಿದಳು. ದೊಡ್ಡ ಬೀಗರ ಆಸೆ ಮುಂದ ಹಳ್ಳ ಎಲ್ಲಿ ಕಾಣಸ್ತೈತಿ? ನಂಬಿದ್ದಷ್ಟ ಅಲ್ಲ, ಬಾವಿಗೆ ಹೋದಾಗೊಮ್ಮೆ, ಗಿರಣಿಗೆ ಹೋದಾಗೊಮ್ಮೆ, ಸುಮ್ಮನ ಕುಂತಾಗೊಮ್ಮೆ ಊರಿಗೆಲ್ಲ ಹೇಳಿದಳು, "ನಮ್ಮ ಬೀಗರು ಅಂದ್ರ ಏನ ತಿಳಕೊಂಡೀರಿ?" ಅಂತ.

ಮಳಿಗಾಲ ಬರೂದ್ರಾಗ ಅಜ್ಜಿ ಕಣ್ಣು ಮುಚ್ಚಿದಳು. ಗುಡಸಲಾ ಗಾಳಿಗೆ ಬಿತ್ತು. ಸುದ್ದಿ ತಂದ ಕುರುಬ ನಿಂಬೆವ್ವನ ಕಿವ್ಯಾಗ ಹೇಳಿ ಹೋದ. ಆಕಿ ಒಲಿ ಮುಂದ ಕುಂತು, ಹೊಗಿ ನೆವ ಮಾಡಿ ಅತ್ತಳು. ಯಾರಿಗೂ ಹೇಳಲಿಲ್ಲ. ಹೇಳಿದ್ರ ಉಳದ ಸುಳ್ಳೂ ಬಿಚ್ಚತೈತಿ ಅಂತ ಅಂಜಿಕಿ.

ಶ್ರಾವಣ ಬಂತು. ಪಂಚಮಿ ಹತ್ತರ ಬಂತು. ಮದುವ್ಯಾದ ಮೊದಲನೇ ಪಂಚಮಿಗೆ ತವರಿನವರು ಬಂದು ಮಗಳನ್ನ ಕರಕೊಂಡು ಹೋಗಬೇಕು. ಉಂಡಿ ತಿನಸಬೇಕು, ಜೋಕಾಲಿ ಆಡಸಬೇಕು, ಉಡಿ ತುಂಬಿ ಕಳಸಬೇಕು. ಪಕ್ಕದ ಮನಿ ಸೊಸಿಗೆ ಅಣ್ಣ ಬಂದ. ಎದುರ ಮನಿ ಸೊಸಿಗೆ ತಮ್ಮ ಬಂದ. ಮೂಲಿ ಮನಿ ಸೊಸಿಗೆ ಅಪ್ಪ ಗಾಡಿ ಕಟಗೊಂಡ ಬಂದ. ನಿಂಬೆವ್ವಗ ಯಾರು ಬಂದ್ರು? ಹೇಳ್ರಿ? ಯಾರೂ ಬರಲಿಲ್ಲ.

ಮೂಲಿ ಮನಿ ತಿಪ್ಪವ್ವ ಸುಮ್ಮನಿರೋ ಹೆಣ್ಣೇ? ಬಾವಿ ಕಟ್ಟಿ ಮ್ಯಾಲೆ ಕೊಡ ಇಟ್ಟು, "ಏನವಾ ದುಂಡವ್ವಾ, ನಿನ್ನ ದೊಡ್ಡ ಬೀಗರು ದಾರಿ ತಪ್ಪಿದ್ರೇನ? ಇಲ್ಲಾ ಇನ್ನೂ ಹಳ್ಳ ಇಳದಿಲ್ಲೇನ?" ಅಂದ್ಲು. ಬಾವಿ ಮ್ಯಾಲಿನ ಹೆಣ್ಮಕ್ಕಳೆಲ್ಲ ಕಿಸಕ್ ಅಂದ್ರು.

ದುಂಡವ್ವಗ ಮೈಯೆಲ್ಲ ಬೆಂಕಿ. ಮನಿಗೆ ಬಂದು ಕೊಡ ಧಡ್ ಅಂತ ಇಳಿಸಿದಳು. "ಏ ನಿಂಬೆವ್ವಾ! ನಾಳೆ ಹುತ್ತಕ್ಕ ಹಾಲೆರದು ನಾನ ನಿನ್ನ ಕರಕೊಂಡು ಹೊಕ್ಕೀನಿ. ಮಗಳು ನೆನಪ ಅದಾಳೋ ಇಲ್ಲೋ ಅಂತ ಅವರ ಬಾಗಲದಾಗ ನಿಂತು ಕೇಳ್ತೀನಿ. ಹಂಗೇನರ ಆ ಮುದುಕನ ಮಾತು ಸುಳ್ಳಾಗಿತ್ತಂದ್ರ, ನೀ ಅಲ್ಲೇ ಇರು, ನಾ ಒಬ್ಬಾಕಿನ ತಿರುಗಿ ಬರ್ತೀನಿ!"

ನಿಂಬೆವ್ವ ಏನ ಮಾಡಬೇಕು? ಅಲ್ಲೇ ಇರು ಅಂದ್ರ ಎಲ್ಲಿರಬೇಕು? ಹೋಗಾಕ ಮನೀನ ಇಲ್ಲ. ಗಂಡ ಏನರ ಅಂದಾನೇನು ಅಂತ ನೋಡಿದಳು. ಕರೆಪ್ಪ ಅಂಗಳದಾಗ ಕುಂತು ಕೊಡ್ಲಿ ಮಸೀತಿದ್ದ. "ಹೋಗಿ ಬರ್ರಿ. ಪಂಚಮಿ ಮರುದಿನ ನಾನೂ ಅಡವಿಗೆ ಹೋಗಾಂವ ಅದೀನಿ. ದನದ ಮನಿಗೆ ತೊಲಿ ಬೇಕು, ಒಂದು ದೊಡ್ಡ ಗಿಡ ಕಡೀಬೇಕು," ಅಂದ. ಗಂಡಸರ ಲೋಕಾನ ಬ್ಯಾರೆ, ಏನ ಮಾಡ್ತೀರಿ!

ಬೆಳಗಾತು. ಹುತ್ತಕ್ಕ ಹಾಲೆರದು ಬಂದು ದುಂಡವ್ವ ಇಳಕಲ್ ಸೀರಿ ಉಟ್ಟಳು, ತಲಿ ಮ್ಯಾಲೆ ರೊಟ್ಟಿ ಬುತ್ತಿ, ಉಂಡಿ ಗಂಟು ಇಟಕೊಂಡಳು. ಎರಿ ಹೊಲದಾಗ ಹಿಂದಿನ ದಿನದ ಮಳಿ. ಒಂದ ಹೆಜ್ಜಿ ಇಟ್ರ ಕಾಲಿಗೆ ಒಂದ ಸೇರು ಮಣ್ಣು. ಮುಂದ ಸೊಸಿ ಚಟ್ ಚಟ್ ಅಂತ ಹೊಂಟಾಳ, ಹಿಂದ ಅತ್ತಿ ಮಣ್ಣಿಗೆ ಬೈಕೋತ ಹೊಂಟಾಳ. ಹೆಸರಿನ ಹೊಲ ದಾಟಿದ್ರು, ಸಜ್ಜಿ ಹೊಲ ದಾಟಿದ್ರು. ಎತ್ತಿನ ಮೈ ತೊಳ್ಯಾಕ ಹೊಂಟಿದ್ದ ಒಬ್ಬಾಂವ, "ಎಲ್ಲಿಗೆ ದುಂಡವ್ವಾ ಇಷ್ಟ ಸಿಂಗಾರ?" ಅಂದ. "ಬೀಗರ ಮನಿಗೆ!" ಅಂದ್ಲು ದುಂಡವ್ವ, ಎದಿ ಮುಂದ ಮಾಡಿ. ನಿಂಬೆವ್ವ ತಲಿ ತಗ್ಗಿಸಿದಳು.

ಹಳ್ಳ ಬಂತು. "ಎಲ್ಲೆವ್ವಾ ನಿಮ್ಮ ಮನಿ?"

"ಇನ್ನ ಸ್ವಲ್ಪ ಮುಂದ ಐತ್ರಿ, ಅತ್ತೀ."

"ಬಾಯಿ ಒಣಗೇತಿ. ಈ ರಾಡಿ ನೀರು ಹೆಂಗ ಕುಡೀಲಿ?"

ನಿಂಬೆವ್ವ ದಂಡಿಗೆ ಕುಂತು ಉಸಕು ತೋಡಿದಳು. ಒಂದ ಬೊಗಸಿ, ಎರಡ ಬೊಗಸಿ, ಮೂರ ಬೊಗಸಿ. ಒರತಿ ಬಿತ್ತು. ತಿಳಿ ನೀರು, ತಣ್ಣಗ. ದುಂಡವ್ವ ಕುಡದಳು, ಮತ್ತ ಕುಡದಳು. ಸೊಸಿ ಕೈ ಒಮ್ಮೆ ನೋಡಿದಳು. ಸೆರಗಿಂದ ಬಾಯಿ ಒರಸಿಕೊಂಡು, "ನಡಿ," ಅಂದ್ಲು.

ಅಡವಿ ಹೊಕ್ಕರು. ದುಂಡವ್ವ ಊರ ಮುಂದಿನ ಈ ಅಡವೀನ ದೂರದಿಂದ ನೋಡಿದ್ದಷ್ಟ. ಆಕಿಗೆ ಅಡವಿ ಅಂದ್ರ ಮುಳ್ಳು, ಹಾವು, ಚೇಳು. ಹೊಕ್ಕ ಕೂಡ್ಲೆ ಕವಳಿ ಕಂಟಿ ಸೀರಿ ಹಿಡೀತು. "ಹೇಳಿದ್ನಲ್ಲ! ಮುಳ್ಳು!" ಅಂತ ಚೀರಿದಳು. ನಿಂಬೆವ್ವ ಸೀರಿ ಬಿಡಿಸಿ, ಅದ ಕಂಟಿಯಾಗಿನ ಕರೇ ಹಣ್ಣು ಅತ್ತಿ ಕೈಯಾಗ ಇಟ್ಟಳು. ದುಂಡವ್ವ ಒಂದು ತಿಂದಳು, ಹುಳಿಗೆ ಒಂದ ಕಣ್ಣು ಮುಚ್ಚಿದಳು. ಇನ್ನೊಂದು ತಿಂದಳು. ಆಮ್ಯಾಲೆ ಮುಳ್ಳಿನ ಸುದ್ದಿ ತಗೀಲಿಲ್ಲ, ಕಂಟಿ ಖಾಲಿ ಆಗೋ ಮಟ ಅಲ್ಲೇ ನಿಂತಳು.

ಮುತ್ತಲ ಗಿಡದ ಬುಡಕ್ಕ ಬಂದ್ರು. "ಎಲ್ಲೆವ್ವಾ ನಿಮ್ಮ ಮನಿ?"

"ಇನ್ನ ಸ್ವಲ್ಪ ಮುಂದ ಐತ್ರಿ, ಅತ್ತೀ. ಹಸದೀರಿ, ಕೂಡ್ರಿ."

ನಿಂಬೆವ್ವ ಮುತ್ತಲ ಎಲಿ ಹರದು, ಕಡ್ಡಿ ಚುಚ್ಚಿ, ಮಾತಾಡೂದ್ರಾಗ ಎರಡ ಪತ್ರೋಳಿ ಮಾಡಿದಳು. ರೊಟ್ಟಿ, ಕಾಳ ಪಲ್ಯೆ, ಮ್ಯಾಲೊಂದ ಶೇಂಗಾ ಉಂಡಿ. ಬಿಸಲು ಇದ್ದಂಗ ನಾಕ ಹನಿ ಮಳಿ ಬಂತು. ಅಷ್ಟರಾಗ ಏನಾತು? ಒಂದು ಗಂಡು ನವಲು ಎದುರಿಗೆ ಬಂದು ಫಡಫಡ ಅಂತ ಗರಿ ಬಿಚ್ಚಿತು! ಹಿಂಗ ತಿರುಗಿತು, ಹಂಗ ತಿರುಗಿತು, ಕುಣೀತು. ದುಂಡವ್ವನ ಕೈಯಾಗಿನ ತುತ್ತು ಕೈಯಾಗ, ತಗದ ಬಾಯಿ ತಗದಂಗ. "ಏ ನಿಂಬೆವ್ವಾ, ನೋಡ! ನೋಡ ಅದರ ಸೊಕ್ಕು! ನಮ್ಮ ತಿಪ್ಪವ್ವ ಹೊಸಾ ಸೀರಿ ಉಟಗೊಂಡಾಗ ಹಿಂಗ ತಿರಗತಾಳ!" ಅಂತ ಹೊಟ್ಟಿ ಹಿಡಕೊಂಡು ನಕ್ಕಳು. ಅತ್ತಿ ನಗೋದನ್ನ ನಿಂಬೆವ್ವ ಅವತ್ತ ಮೊದಲನೇ ಸಲ ನೋಡಿದ್ದು. ಖುಷಿ ಆತು. ಖುಷಿ ಹಿಂದ ಅಂಜಿಕಿನೂ ಬಂತು. ಮುಂದ ಅಡವಿ ಮುಗೀತೈತಿ, ಆಮ್ಯಾಲೆ?

ಅನ್ರಿ ಹೂಂ! ಎತ್ತು ನಿಂತೈತಿ.

ನಡಕೋತ ದೊಡ್ಡ ಆಲದ ಗಿಡಕ್ಕ ಬಂದ್ರು. ಬಿಳಲು ನೆಲಾ ಮುಟ್ಟಾವ, ನೆರಳಿಗೆ ಕೊನೀನ ಇಲ್ಲ. ಬಾಜೂಕ ಒಂದು ನೇರಲ ಗಿಡ, ಹಣ್ಣು ಜೋತಾಡಾಕತ್ತಾವ. ಹಿಂದ ಬಿದ್ದ ಗುಡಸಲಾದ ಎರಡ ಗೂಟಾ. ಅದ ಅಜ್ಜಿ ಮನಿ.

"ಎಲ್ಲೆವ್ವಾ ನಿಮ್ಮ ಮನಿ?" ಮೂರನೇ ಸಲ.

ನಿಂಬೆವ್ವ ಅತ್ತಿ ಕಾಲ ಹಿಡದಳು. "ಅತ್ತೀ, ಮನಿ ಇಲ್ರಿ. ಮಂದಿ ಇಲ್ರಿ. ಒಬ್ಬಾಕಿ ಅಜ್ಜಿ ಇದ್ಲು, ಆಕಿನೂ ಹೋದ್ಲು. ಸುಳ್ಳು ನಾ ಹೇಳಿದ್ದಲ್ರಿ, ಖರೇ ಹೇಳಾಕ ಧೈರ್ಯ ಬರಲಿಲ್ಲ. ಇಲ್ಲೇ ಬಿಟ್ಟ ಹೋಗ್ತೀರಂದ್ರ ಬಿಟ್ಟ ಹೋಗ್ರಿ," ಅಂತ ಬಿಕ್ಕಿ ಬಿಕ್ಕಿ ಅತ್ತಳು.

ಈಗ ದುಂಡವ್ವ ಏನ ಮಾಡಬೇಕು? ಚೀರಬೇಕಲ್ಲ? ಕುಡಗೋಲು ಬೀಸಬೇಕಲ್ಲ? ಆಕಿ ಗಂಟು ಇಳಿಸಿ, ಆಲದ ಬ್ಯಾರಿನ ಮ್ಯಾಲೆ ಕುಂತಳು.

"ಏಳು ಹುಚ್ಚಿ. ನನಗ ಹಳ್ಳದಾಗ ಗೊತ್ತಾತು. ದೊಡ್ಡ ಮನಿ ಮಗಳು ಹಂಗ ಒರತಿ ತೋಡ್ತಾಳೇನು?"

"ಮತ್ತ ಅಲ್ಲಿಂದನ ಯಾಕ ತಿರುಗಿ ಹೋಗಲಿಲ್ರಿ?"

"ಹೋಗಬೇಕಂತ ಮಾಡಿದ್ದೆ. ಆ ನೀರು ಕುಡದೆ ನೋಡು, ಇನ್ನ ಮುಂದ ಏನೈತೋ ನೋಡೂಣು ಅನಿಸ್ತು." ದುಂಡವ್ವ ಸೆರಗಿಂದ ಮಾರಿ ಒರಸಿಕೊಂಡಳು. "ನನ್ನ ಮದುವ್ಯಾದ ವರ್ಷ ನಮ್ಮಣ್ಣ ಬಂದಿದ್ದ. ಮರುವರ್ಷ ಅಣ್ಣನ ಇರಲಿಲ್ಲ. ಆದ್ರೂ ಪ್ರತಿ ಪಂಚಮಿಗೂ ತಲಿ ಬಾಚಿಕೊಂಡು ಬಾಗಲದಾಗ ನಿಂದರ್ತಿದ್ದೆ. ಯಾರ ಬರ್ತಾರ? ಒಳಗ ಹೋಗಿ ರೊಟ್ಟಿ ಬಡೀತಿದ್ದೆ. ಬಡಿಯೋದು ಜೋರಾತು, ಮಾತೂ ಜೋರಾದವು. ಇಷ್ಟ ವರ್ಷಕ್ಕ ಇವತ್ತ ನಾ ಒಂದ ಕಡೆ ಹಬ್ಬಕ್ಕಂತ ಬಂದೀನಿ ನೋಡವ್ವಾ. ಅಳು ನಿಂದರಸು. ನಿಮ್ಮ ತವರಾಗ ಜೋಕಾಲಿ ಐತೋ ಇಲ್ಲೋ, ಅದನ್ನ ಹೇಳು."

ಜೋಕಾಲಿ ಇಲ್ಲದ ಏನು! ನಿಂಬೆವ್ವ ಕಣ್ಣೊರಸಿಕೊಂಡು ಎರಡ ಗಟ್ಟಿ ಬಿಳಲು ಹೆಣದು ಗಂಟ ಹಾಕಿದಳು. ದುಂಡವ್ವ ಇಳಕಲ್ ಸೀರಿ ಗಂಡಗಚ್ಚಿ ಹಾಕಿ ಹತ್ತಿ ನಿಂತಳು. ಮೊದಲನೇ ಸಲ ನೂಕಿದಾಗ, "ಸತ್ನ್ಯೋ ಯವ್ವಾ!" ಅಂದ್ಲು. ಎರಡನೇ ಸಲ ನೂಕಿದಾಗ, "ಮೆಲ್ಲಕ ಏ, ಮೆಲ್ಲಕ!" ಅಂದ್ಲು. ಮೂರನೇ ಸಲ ನೂಕಿದಾಗ, "ಉಂಡಿ ತಿಂದೀ ಇಲ್ಲೋ? ಜೋರ ನೂಕ!" ಅಂದ್ಲು.

ಜೋಕಾಲಿ ಆಡಿದ ಮ್ಯಾಲೆ ಕಾಲಿಂದ ಟೊಂಗಿ ಮುಟ್ಟಬೇಕು. ಇಲ್ಲಂದ್ರ ಅದು ಜೋಕಾಲೀನ ಅಲ್ಲ. ದುಂಡವ್ವ ಮೊಣಕಾಲು ಮಣಿಸಿ ಜೀಕಿದಳು, ಜೀಕಿದಳು, ಹೋಗಿ ನೇರಲ ಟೊಂಗಿಗೆ ಧಡ್ ಅಂತ ಒದ್ದಳು! ಸಡಸಡ ಸಡಸಡ ಹಣ್ಣು ಉದರಿದವು.

"ಹಿಡೀ! ಸೆರಗ ಹಿಡೀ ನಿಂಬೆವ್ವಾ! ನಿಮ್ಮವ್ವ ಈ ಅಡವೀನ, ಉಡಿ ತುಂಬಾಕತ್ತಾಳ!"

ನಿಂಬೆವ್ವ ಸೆರಗ ಒಡ್ಡಿ ನಿಂತಳು. ಹಣ್ಣು ಬೀಳ್ತಾವ, ಆಕಿ ನಗ್ತಾಳ, ಅಳ್ತಾಳ, ಯಾವುದು ಯಾವುದಂತ ಆಕಿಗೂ ತಿಳೀವಲ್ದು. ಆಮ್ಯಾಲೆ ಸೊಸಿ ಹತ್ತಿದಳು, ಅತ್ತಿ ನೂಕಿದಳು. ಅತ್ತಿ ಸೊಸಿ ಸರಪಾಳಿ ಜಗಳಾ ಅಂತಾರಲ್ಲ, ಅವತ್ತ ಇದ್ದ ಜಗಳಾ ಒಂದ: ಈಗ ಯಾರ ಪಾಳಿ ಅಂತ.

ಹೊತ್ತ ಇಳೀತು. ಊರ ಅಗಸಿ ಬಾಗಲದಾಗ ತಿಪ್ಪವ್ವ ಹೆಣ್ಮಕ್ಕಳನ್ನ ಕಟಗೊಂಡು ಕಾಯಾಕತ್ತಾಳ. "ಬಂದ್ರೇನವಾ? ಬೀಗರು ಸಿಕ್ರೇನು? ಮನಿ ಹೆಂಗೈತಿ?"

ನಿಂಬೆವ್ವ ಅತ್ತಿ ಹಿಂದ ಸರದಳು. ದುಂಡವ್ವ ಸೊಂಟದ ಮ್ಯಾಲೆ ಕೈ ಇಟ್ಟಳು.

"ಮನಿ ಏನ ಕೇಳ್ತಿ ತಿಪ್ಪವ್ವಾ! ಕಂಬ ಎಣಸಾಕ ಹೋಗಿ ಸೋತೆ. ಬಾಗಲಾ ಮುಚ್ಚಿದ್ದ ಕಾಣಲಿಲ್ಲ. ಹೋದ ಕೂಡ್ಲೆ ತಣ್ಣೀರು ಕೊಟ್ರು. ಊಟಕ್ಕ ಕುಂತ್ರ ಎದುರಿಗೆ ಕುಣಿಸಿದ್ರು. ಜೋಕಾಲಿ ಅಂದ್ರ ಜೋಕಾಲಿ, ಮುಗಲ ಮುಟ್ಟಿ ಬಂದೆ. ಯಾವಾಗ ಹೊಕ್ಕೀರಿ ಅಂತ ಒಬ್ರೂ ಕೇಳಲಿಲ್ಲ. ನೋಡ, ಉಡಿ ನೋಡ!" ಅಂತ ಸೊಸಿ ಸೆರಗ ಬಿಚ್ಚಿ ತೋರಿಸಿ, ತನ್ನ ನೇರಳಿ ಬಣ್ಣದ ನಾಲಗಿನೂ ಚಾಚಿ ತೋರಿಸಿದಳು. ಇದರಾಗ ಸುಳ್ಳು ಒಂದರ ಐತೇನು? ನೀವ ಹೇಳ್ರಿ. ಆ ಮುದುಕ ಹೇಳಿದ ಸುಳ್ಳೂ ಖರೇ ಆಗಿಬಿಡ್ತು. ತಿಪ್ಪವ್ವ ಒಂದು ಹಣ್ಣು ಬಾಯಾಗ ಹಾಕ್ಕೊಂಡು ಮನಿ ದಾರಿ ಹಿಡದಳು.

ಮುಗೀತು ಅಂದ್ರೇನು? ಕೂಡ್ರಿ, ಇನ್ನ ಒಂದ ತುತ್ತು ಐತಿ.

ಮರುದಿನ ಮುಂಜಾನೆ ಕರೆಪ್ಪ ಹೆಗಲ ಮ್ಯಾಲೆ ಕೊಡ್ಲಿ ಇಟಕೊಂಡು ಹೊರಬಿದ್ದ. ನಿಂಬೆವ್ವ ಒಲಿ ಮುಂದಿಂದ ಎದ್ದು ಬಂದಳು. ಗಂಡನ್ನ ಹೆಂಗ ತಡೀಬೇಕು ತಿಳೀಲಿಲ್ಲ. ಅಷ್ಟರಾಗ ದುಂಡವ್ವ ಬಾಗಲ ಹೊಚ್ಚಲದ ಮ್ಯಾಲೆ ಬಂದು ನಿಂತಳು.

"ಎಲ್ಲಿಗೆ ಹೊಂಟೀಯೋ?"

"ಅಡವಿಗೆ. ಆ ದೊಡ್ಡ ಆಲದ ಕಡೆ ಒಳ್ಳೊಳ್ಳೇ ಗಿಡ ಅದಾವಂತ."

"ಕೈಯಾಗ ಏನದು?"

"ಕೊಡ್ಲಿ. ಯಾಕವಾ?"

"ಥೂ ನಿನ್ನ! ಹೊಸಾ ಅಳಿಯ ಆದಾಂವ ಮಾವನ ಮನಿಗೆ ಕೊಡ್ಲಿ ಹಿಡಕೊಂಡು ಹೋಗ್ತಾನೇನೋ?"

ಕರೆಪ್ಪ ಅವ್ವನ್ನ ನೋಡಿದ. ಹೆಂಡತೀನ ನೋಡಿದ. ಗಂಗಾಳದಾಗಿನ ನೇರಲ ಹಣ್ಣು ನೋಡಿದ. ಸಾಧು ಇದ್ದ, ದಡ್ಡ ಇರಲಿಲ್ಲ. ಸಾವಕಾಶ ಕೊಡ್ಲಿ ಇಳಿಸಿ ಗ್ವಾಡಿಗೆ ಆನಿಸಿದ.

"ಹಂಗಾದ್ರ ದನದ ಮನಿ ತೊಲಿಗೆ ಏನ ಮಾಡ್ಲವಾ?"

"ಗಾಳಿಗೆ ಬಿದ್ದ ಗಿಡ ಇರತಾವ. ಮಾವನ ಮನ್ಯಾಗ ಕೊಟ್ಟದ್ದು ತಗೋಬೇಕು, ಕಸಗೋಬಾರದು. ಹೋಗು, ಮಾರಿ ತೊಳಕೊಂಡು ಮದುವಿ ರುಮಾಲ ಸುತ್ತಕೋ. ನಿಂಬೆವ್ವಾ, ಉಂಡಿ ಕಟ್ಟು. ಇವತ್ತ ಮೂರೂ ಮಂದಿ ಹೋಗೂಣು. ಮೊದಲನೇ ಪಾಳಿ ನಂದು!"

ಅವತ್ತಿನಿಂದ ಆ ಊರಾಗ ತವರಿಲ್ಲದ ಹೆಣ್ಣು ಅಂತ ಯಾರೂ ಉಳೀಲಿಲ್ಲ. ಪಂಚಮಿ ಬಂದ್ರ ಯಾರನ್ನ ಕರಿಯಾಕ ತವರಿನವರು ಬರಲಿಲ್ಲೋ ಅವರೆಲ್ಲ ದುಂಡವ್ವನ ಹಿಂದ ಅಡವಿಗೆ. ಆ ಊರಿನ ಗಂಡಸರು ಅಡವಿ ಹೊಕ್ಕರ ಇವತ್ತಿಗೂ ಕೊಡ್ಲಿ ಹಳ್ಳದ ಈಚೆ ಇಟ್ಟು, ರುಮಾಲ ಸರಿ ಮಾಡಿಕೊಂಡ ಒಳಗ ಹೋಗ್ತಾರ. ಎಲ್ಲಾರೂ ಅಳಿಯಂದ್ರು ನೋಡ್ರಿ!

ನಿಂಬೆವ್ವನ ಉಡಿ ತುಂಬಿತು, ನನ್ನ ಕಥಿ ತುಂಬಿತು. ಖಾಲಿ ಇದ್ದದ್ದು ನನ್ನ ಬಾಯಿ ಒಂದ. ಯಾರ ಮನ್ಯಾಗ ಉಂಡಿ ಕಟ್ಟೀರಿ, ಎದ್ದು ಇತ್ತ ತರ್ರಿ.