ಹ್ಞಾಂ ಅನ್ನುವ ಮೊದಲೇ

ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ಶಾಲು ಹೊದ್ದು ಬೆವರುತ್ತಿರುವ ಡಾಕ್ಟರ್ ಯಶವಂತ ಸರ್ ಅವರೇ, ಮುಂದಿನ ಸಾಲಿನಲ್ಲಿರುವ ನಮ್ಮ ಅವ್ವನವರೇ, ಕಲಬುರಗಿಯ ಸಭಿಕರೇ,

ಕಮಲಾಪುರದ ಶಾಲೆಯಲ್ಲಿ ಸರ್ ಆಟ ಕಲಿಸುತ್ತಾರೆ, ನಾನು ವಿಜ್ಞಾನ. ಅವರಿಗೆ ಪಿಎಚ್‌ಡಿ ಬಂದದ್ದಕ್ಕೆ ಅಭಿನಂದಿಸಲು ನಿಂತಿದ್ದೇನೆ. ಅವರದೊಂದು ಪ್ರಶ್ನೆಗೆ ನನ್ನ ಉತ್ತರವೂ ಬಾಕಿಯಿದೆ. ವೇದಿಕೆ ಇಳಿಯುವ ಮೊದಲು ಅದನ್ನೂ ಕೊಡುತ್ತೇನೆ.

ಅವರ ಸಂಶೋಧನೆ ಏನು? ಹಲಗೆಯ ಮೇಲೆ ದೀಪ ಹೊತ್ತುತ್ತದೆ, ಕಂಡ ಕೂಡಲೇ ಮಗು ಅದನ್ನು ಮುಟ್ಟಬೇಕು. ಕಣ್ಣು ಕಂಡದ್ದಕ್ಕೆ ಕೈ ಎಷ್ಟು ಬೇಗ ಓಗೊಡುತ್ತದೆ ಎಂಬ ಪರೀಕ್ಷೆ. ಆದರೆ ಸರ್ ಅಳೆದದ್ದು ಮಕ್ಕಳನ್ನಲ್ಲ, ಆ ಪರೀಕ್ಷೆಯನ್ನೇ. ವಾರ ಬಿಟ್ಟು ಮಾಡಿದರೂ ಅದೇ ಅಂಕಿ ಬರುತ್ತದೆಯೇ? ಬೇರೆಯವರು ಮಾಡಿದರೂ ಬರುತ್ತದೆಯೇ? ಬಂದರೆ ತಾನೇ ನಂಬುವುದು?

ಆ ಬೇರೆಯವರು ನಾನು. ನಾನು ಪರೀಕ್ಷೆ ಮಾಡಿದರೆ ಮಕ್ಕಳೆಲ್ಲ ನಿಧಾನ. "ಕಾವೇರಿ ಟೀಚರ್, ನಿಮ್ಮನ್ನ ನೋಡಿದ್ರ ಹುಡುಗರು ಯಾಕ ಮಂಕಾಗ್ತಾರ್ರೀ?" ಎಂದರು ಸರ್. ನನಗೆ ಸಿಟ್ಟು ನೆತ್ತಿಗೇರಿತು. ಮರುದಿನ ಅವರ ಬೆನ್ನ ಹಿಂದೆ ನಿಂತು ನೋಡಿದೆ. ದೀಪ ಹೊತ್ತಿಸುವ ಗುಂಡಿ ಒತ್ತುವ ಮೊದಲು ಪ್ರತಿ ಸಲವೂ ಸಣ್ಣ ದನಿಯಲ್ಲಿ "ಹ್ಞಾಂ" ಅನ್ನುತ್ತಿದ್ದರು, ಅದು ಅವರಿಗೇ ಗೊತ್ತಿಲ್ಲ. ಮಕ್ಕಳು ಕೈ ಎತ್ತುತ್ತಿದ್ದದ್ದು ದೀಪ ನೋಡಿ ಅಲ್ಲ, ಸರ್ ಅವರ ಹ್ಞಾಂ ಕೇಳಿ.

ಸಂಜೆ ಬಸ್ಸಿನಲ್ಲಿ ಹೇಳಿದೆ. ವರ್ಷದ ಕೆಲಸ ನೀರುಪಾಲು. ನಾವು ಇಳಿಯುವ ಸೂಪರ್ ಮಾರ್ಕೆಟ್ ಸ್ಟಾಪ್ ಬರುವವರೆಗೂ ಅವರು ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತರು. ಇನ್ನು ನನ್ನ ಜೊತೆ ಮಾತೇ ಆಡುವುದಿಲ್ಲವೇನೋ ಎಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಎದೆ ಯಾಕೆ ಹೊಡೆದುಕೊಳ್ಳಬೇಕಿತ್ತು? ಹೋಗಲಿ ಬಿಡಿ, ವಿಷಯಕ್ಕೆ ಬರುತ್ತೇನೆ. ಇಳಿಯುವಾಗ ಅಂದರು, "ಮೊದಲಿಂದ ಮಾಡ್ತೀನ್ರಿ ಟೀಚರ್. ಜೋಡಿಗೆ ನೀವ ಇರಬೇಕು ನೋಡ್ರಿ."

ಇದ್ದೆ. ಅವರು ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಗುಂಡಿ ಒತ್ತಿದರು. ಈ ಸಲ ಇಬ್ಬರ ಅಂಕಿಗಳೂ ಹೊಂದಿದವು.

ಹೋದ ಸೋಮವಾರ ಅದೇ ಬಸ್ಸಿನಲ್ಲಿ, "ನನ್ನ ಮದುವಿ ಆಗ್ತೀರೇನ್ರೀ?" ಎಂದು ಕೇಳಿದರು. ನಾನು ತಕ್ಷಣ ಹೇಳಿಬಿಟ್ಟೆ. ಈ ಮಹಾನುಭಾವರು ಏನಂದರು ಗೊತ್ತೇ? "ಒಮ್ಮೆ ಬಂದ ಉತ್ತರ ನಂಬಾಕಾಗಂಗಿಲ್ರಿ. ವಾರ ಬಿಟ್ಟು ಮತ್ತ ಕೇಳ್ತೀನಿ."

ಇವತ್ತು ಮತ್ತೆ ಸೋಮವಾರ. ಬೆಳಗಿನಿಂದ ಹಾರ, ಶಾಲುಗಳ ನಡುವೆ ಅವರಿಗೆ ಕೇಳಲು ಪುರುಸೊತ್ತಿಲ್ಲ. ಅವ್ವ, ಏಳಬ್ಯಾಡ, ಕೂಡು. ಸರ್, ತುಟಿ ಅಲ್ಲಾಡಸಬ್ಯಾಡ್ರಿ. ಈ ಸಲ ನೀವು ಅನ್ನುವ ಮೊದಲೇ ನಾನು ಅಂತೀನಿ.

ಹ್ಞಾಂ ರೀ.

ಎರಡೂ ಉತ್ತರ ಹೊಂದಿದವು. ಸಾಕ್ಷಿಗೆ ಕುಳಿತ ನಿಮಗೆಲ್ಲ ಧನ್ಯವಾದ, ನಮಸ್ಕಾರ.