ಬಿದ್ದರೆ ಫೋನ್ ಮಾಡುವ ವಾಚು

ಎಕ್ಸ್‌ರೇ ಕೋಣೆಯ ಹೊರಗೆ ಸರದಿ ಕಾಯುತ್ತಿದ್ದ ಟೈಲರ್ ಒಬ್ಬನಿಗೆ ಪಕ್ಕದ ಬೆಂಚಿನ ಅಕ್ಕ-ತಮ್ಮನ ಜಗಳ ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಅಪ್ಪ ಬಿದ್ದ ಕೂಡಲೇ ಅವರ ಕೈಯಲ್ಲಿದ್ದ ವಾಚು ನಿನಗೆ ಫೋನ್ ಮಾಡಿದೆ. ಯಾಕಕ್ಕಾ ಎತ್ತಲಿಲ್ಲ?"

"ಅಪ್ಪ ಚಪ್ಪಾಳೆ ತಟ್ಟಿದರೂ ಬಿದ್ದರು ಅನ್ನುತ್ತೆ ಕಣೋ ಅದು! ಈ ವಾರ ನಾಲ್ಕು ಸಲ ಆಫೀಸಿಂದ ಎದ್ದೆನೋ ಬಿದ್ದೆನೋ ಅಂತ ಓಡಿ ಬಂದೆ. ನಾಲ್ಕು ಸಲವೂ ಕ್ರಿಕೆಟ್ ನೋಡ್ತಾ ಕೂತಿದ್ದರು."

"ಅದಕ್ಕೆ ಐದನೇ ಸಲ ಸುಮ್ಮನಿದ್ದುಬಿಡೋದಾ?"

"ಹಾಗಾದರೆ ಇನ್ನುಮುಂದೆ ನಿನ್ನ ನಂಬರ್ ಹಾಕಿಸ್ಕೋ."

ಅಷ್ಟರಲ್ಲಿ ಬಾಗಿಲು ತೆರೆದು, ಊದಿದ ಕೈ ಹಿಡಿದುಕೊಂಡ ಅಪ್ಪ ಗಾಲಿಕುರ್ಚಿಯಲ್ಲಿ ಬಂದರು.

"ಅವಳನ್ನ ಯಾಕೋ ಬೈತೀಯ? ನೀನು ಪಕ್ಕದ ರೂಮಲ್ಲೇ ಇದ್ದೆಯಲ್ಲ. ನಾನು ಎಷ್ಟು ಕೂಗಿದರೂ ಕೇಳಿಸಲಿಲ್ಲ, ಕಿವಿಗೆ ಹೆಡ್‌ಫೋನ್!"

ಕುರ್ಚಿ ತಳ್ಳಲು ಬಂದ ತಮ್ಮನ ಕೈ ಸರಿಸಿ, ಅಕ್ಕನೇ ತಳ್ಳಿಕೊಂಡು ಹೋದಳು.